ಗಿಡವಿಲ್ಲದ ಜಾಗಕ್ಕೆ ಒಂದು ಕೊಡ ನೀರು

ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ನಾನು ನಮ್ಮ ಮನೆಯ ಪಕ್ಕದ ಓಣಿಗೆ ಹೋಗಿ, ಗಂಡನ ಸ್ಕೂಟರನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ, ಅಲ್ಲಿಯ ನೆಲಕ್ಕೆ ಒಂದು ಕೊಡ ನೀರು ಸುರಿಯುತ್ತೇನೆ. ಅಲ್ಲಿ ತುಳಸಿಯಿಲ್ಲ, ದಾಸವಾಳವಿಲ್ಲ, ಒಂದು ಎಳೆ ಗರಿಕೆಯೂ ಇಲ್ಲ. ಪಕ್ಕದ ಮನೆಯ ಸರೋಜಕ್ಕ ಕಾಂಪೌಂಡಿನ ಆಚೆಯಿಂದ ಮೂರು ವಾರ ಈ ಕೆಲಸವನ್ನು ಮೌನವಾಗಿ ನೋಡಿ, ನಾಲ್ಕನೆಯ ವಾರ ತಡೆಯಲಾರದೆ, "ಎಂತ ನೆಟ್ಟಿದೀರಿ ಟೀಚರೇ ಅಲ್ಲಿ? ಇನ್ನೂ ಎಂತದೂ ಮೇಲೆ ಬಂದಿದ್ದು ಕಾಣಲ್ಲ" ಎಂದು ಕೇಳಿಯೇ ಬಿಟ್ಟರು. ಅವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ನಿಮಗೆ ಬಿಡುವಿದ್ದರೆ ಪೂರ್ತಿ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಕೊಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಜೊತೆಗೆ, ಅರ್ಧ ಗುಟ್ಟಾಗಿ, ಜಾಝ್ ಗಿಟಾರ್ ನುಡಿಸುವವಳು. ಗಿಟಾರ್ ಎಂದರೆ ನಮ್ಮ ಸ್ಟಾಫ್ ರೂಮಿಗೆ ಅರ್ಥವಾಗುತ್ತದೆ, ಜಾಝ್ ಎಂದರೆ ಮುಖಮುಖ ನೋಡಿಕೊಳ್ಳುತ್ತಾರೆ. ಅಂಥವರಿಗೆ ನಾನು ಹೇಳುವುದಿಷ್ಟೆ: ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಒಂದೇ ವಿಷಯ ಹಿಡಿದು ಹರಟೆಗೆ ಕೂತದ್ದನ್ನು ನೀವು ನೋಡಿರುತ್ತೀರಿ, ವಿಷಯ ಯಾರೂ ಬಿಡುವುದಿಲ್ಲ, ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಾಗೆಯೇ ಹೇಳುವುದೂ ಇಲ್ಲ, ಬಸ್ಸು ಬಂದಾಗ ಎಲ್ಲರೂ ಶುರುಮಾಡಿದಲ್ಲಿಗೇ ಬಂದು ನಿಂತಿರುತ್ತಾರೆ. ಆ ಹರಟೆಯನ್ನು ಸ್ವರಗಳಲ್ಲಿ ಹೊಡೆದರೆ ಜಾಝ್.

ಈ ಹುಚ್ಚು ಹಿಡಿಸಿದವರು ಥಾಮಸ್ ಮಾಸ್ಟ್ರು. ನನ್ನ ಮೊದಲ ಪೋಸ್ಟಿಂಗ್ ನರಸಿಂಹರಾಜಪುರದಲ್ಲಿ. ಬಾಡಿಗೆ ಮನೆಯ ಹಿಂದುಗಡೆಯೇ ಅವರ ಮನೆ. ಹರೆಯದಲ್ಲಿ ಆರ್ಕೆಸ್ಟ್ರಾದ ಜೊತೆ ಊರೂರು ಸುತ್ತಿ, ಹಡಗುಗಳು ಬರುವ ಊರಿನ ಹೋಟೆಲುಗಳಲ್ಲಿ ನುಡಿಸಿ, ಕೊನೆಗೆ ಹೆಂಡತಿಯ ಊರಿನಲ್ಲಿ ನೆಲೆನಿಂತವರು. ಸಂಜೆ ಅವರ ಗಿಟಾರಿನಿಂದ ಬರುತ್ತಿದ್ದ ದುಂಡನೆಯ, ಅವಸರವಿಲ್ಲದ ನಾದ ಕೇಳಿ, ಉತ್ತರಪತ್ರಿಕೆಗಳನ್ನು ಮಗುಚಿಟ್ಟು ಅವರ ಬಾಗಿಲು ತಟ್ಟಿದವಳು ನಾನು. ಆರು ವರ್ಷ ಕಲಿತೆ. ಕೊಪ್ಪಕ್ಕೆ ವರ್ಗವಾದಾಗ ಅವರು ತಮ್ಮದೇ ಒಂದು ರಚನೆಯನ್ನು, ನಾಲ್ಕು ಸಾಲಿನ, ಹೆಸರೇ ಇಡದ ಒಂದು ಚಿಕ್ಕ ರಾಗವನ್ನು ನನಗೆ ಕಲಿಸಿ, "ಇದು ಕೈಗೆ ಕೂತ ದಿನ ಬಂದು ಕೇಳಿಸು, ಅವಸರ ಇಲ್ಲ" ಅಂದರು.

ಅವಸರ ಇಲ್ಲ ಎಂದರೆ ನಮ್ಮ ಕಡೆಯವರು ಅದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತೇವೆ ನೋಡಿ! ಪರೀಕ್ಷೆ, ಎಲೆಕ್ಷನ್ ಡ್ಯೂಟಿ, ಮಗಳ ಮದುವೆ ಎಂದು ಹದಿನಾಲ್ಕು ವರ್ಷ ಕಳೆದೆ. ಕಳೆದ ವರ್ಷ ಒಂದು ಸಂಜೆ ಆ ರಾಗ ಇದ್ದಕ್ಕಿದ್ದಂತೆ ಕೈಗೆ ಕೂತಿತು. ಸಂತೋಷದಲ್ಲಿ ಎನ್‌.ಆರ್‌. ಪುರದ ಬಸ್ಸು ಹತ್ತಿ ಹೋದರೆ, ಅಷ್ಟರಲ್ಲಿ ಮಾಸ್ಟ್ರ ಕಿವಿ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಮಷಿನ್ ಹಾಕಿಕೊಂಡರೆ ಮಾತು ಕೇಳುತ್ತಿತ್ತು. ಆದರೆ ಬರಿಯ ಗಿಟಾರಿನ ಸದ್ದು ಅವರಿಗೆ ಸಾಲದು, ಸ್ಪೀಕರಿಗೆ ಹಾಕಿದರೆ ಅದರ 'ಗುಂಯ್' ಎಂಬ ಸದ್ದನ್ನು ಮಷಿನ್ನು ಹತ್ತರಷ್ಟು ಮಾಡಿ ತಲೆಯೊಳಗೆ ಸುರಿಯುತ್ತದೆ. "ಸಂಗೀತ ಕೇಳೋದು ಬಿಟ್ಟೆ ಮಾರಾಯ್ತಿ. ನೆನಪಲ್ಲಿ ಇರೋದೇ ಸಾಕು" ಅಂದು ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ತಡಮಾಡಿದವಳು ನಾನು, ಅನುಭವಿಸುವವರು ಅವರು. ಏನೇ ಆಗಲಿ, ಒಂದಿಷ್ಟೂ ಗುಂಯ್ ಎನ್ನದ ಒಂದು ಆಂಪ್ಲಿಫೈಯರ್ ಹುಡುಕಿ ಆ ನಾಲ್ಕು ಸಾಲನ್ನು ಅವರ ಕಿವಿಗೆ ಮುಟ್ಟಿಸಿಯೇ ಸೈ ಎಂದು ಅಲ್ಲಿಯೇ ಪಣ ತೊಟ್ಟೆ.

ಬೇಕಾಗಿದ್ದುದು ಸಾಲಿಡ್ ಸ್ಟೇಟ್ ಕಾಂಬೊ. ಎಂದರೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿರುವಂಥದು, ಒಳಗೆ ಗಾಜಿನ ವಾಲ್ವುಗಳ ವೈಭವವಿಲ್ಲದೆ ಟ್ರಾನ್ಸಿಸ್ಟರುಗಳಲ್ಲೇ ಕೆಲಸ ಮುಗಿಸುವಂಥದು. ರಾಕ್ ನುಡಿಸುವವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ಇದಕ್ಕೆ ಭಾವನೆಯಿಲ್ಲ ಎನ್ನುತ್ತಾರೆ. ಜಾಝಿನವರಿಗೆ ಬೇಕಾದದ್ದು ಅದೇ: ನನ್ನ ಭಾವನೆ ನಾನು ನೋಡಿಕೊಳ್ಳುತ್ತೇನೆ, ನೀನು ಕೊಟ್ಟದ್ದನ್ನು ಕೊಟ್ಟ ಹಾಗೆ ದಾಟಿಸಪ್ಪ ಸಾಕು. ಹೊಸದು ಏಕೆ ಬೇಡವೆಂದರೆ, ಹಳೆಯ ಕಾಲದ ದೊಡ್ಡ ಸ್ಪೀಕರಿನ, ದಪ್ಪ ಹಲಗೆಯ ಪೆಟ್ಟಿಗೆಗಳಿಂದ ಬರುವ ಆ ದುಂಡನೆಯ ದನಿ ಈಗಿನ ಹಗುರ ಪೆಟ್ಟಿಗೆಗಳಲ್ಲಿ ನನಗೆ ಸಿಗಲಿಲ್ಲ.

ಮೊದಲನೆಯದು ಸಿಕ್ಕಿದ್ದು ಶೃಂಗೇರಿಯಲ್ಲಿ, ಗಣೇಶ ಭಟ್ಟರ ಮನೆಯಲ್ಲಿ. ಕಾಲೇಜು ದಿನಗಳಲ್ಲಿ ಆರ್ಕೆಸ್ಟ್ರಾ ಕಟ್ಟಿ, ಆಮೇಲೆ ಪೌರೋಹಿತ್ಯಕ್ಕೆ ಇಳಿದ ಸಂತುಷ್ಟ ಜೀವ. ಪ್ರತಿ ವರ್ಷ ತಪ್ಪದೆ ಆಯುಧಪೂಜೆ ಮಾಡಿಸಿಕೊಂಡ ಆ ಪೆಟ್ಟಿಗೆಯ ವಾಲ್ಯೂಮ್ ಗುಂಡಿಯ ನೆತ್ತಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತು, ಸಂಖ್ಯೆಗಳೆಲ್ಲ ಅಳಿಸಿಹೋಗಿದ್ದವು. ಗಿಟಾರ್ ಹಾಕಿ ಒಂದು ತಂತಿ ಮೀಟಿದೆ. ಅಯ್ಯೋ, ಎಂಥ ದನಿ! ಮೀಟಿದ ಸ್ವರ ಜಗಲಿಯಲ್ಲಿ ಕಾಲುಚಾಚಿ ಕೂತು, ನಿಧಾನವಾಗಿ ಎದ್ದುಹೋಯಿತು. ಅದು ಹೋದ ಮೇಲೆ ಪೂರ್ಣ ನಿಶ್ಶಬ್ದ. "ಎಂಟು ದಿನ ಇಟ್ಕೊಂಡು ನೋಡಿ ಮಾರಾಯ್ರೆ, ಒಪ್ಪಿಗೆ ಆದ್ರೆ ಮಾತಾಡುವ" ಎಂದರು ಭಟ್ಟರು. ನಮ್ಮಲ್ಲಿ ಹಳೆಯ ಸಾಮಾನಿನ ವ್ಯವಹಾರವೇ ಹೀಗೆ; ವಸ್ತು ಎಂಟು ದಿನ ನಿಮ್ಮ ಮನೆಯ ಅನ್ನ ಉಂಡು ನೋಡಬೇಕು.

ನಮ್ಮ ಮನೆಯ ಅನ್ನ ಅದಕ್ಕೆ ಹಿಡಿಸಲಿಲ್ಲ. ಸ್ವಿಚ್ ಹಾಕಿದೊಡನೆ 'ಗುಂಯ್' ಎಂದಿತು, ಎಂಟು ದಿನವೂ ಗುಂಯ್ ಎಂದೇ ಇತ್ತು. ಅವರ ಮನೆಯಲ್ಲಿ ಸುಮ್ಮನಿದ್ದದ್ದು ಇಲ್ಲಿಗೆ ಬಂದು ಹೇಗೆ ಕೆಟ್ಟಿತು? ಹೇಳಲು ನಾಚಿಕೆಯಾಗುತ್ತದೆ, ಆ ಸಾತ್ವಿಕ ಮನುಷ್ಯ ಏನೋ ಕೈಚಳಕ ತೋರಿಸಿ ನನ್ನ ತಲೆಗೆ ಕಟ್ಟಿದರು ಎಂದೇ ಅಂದುಕೊಂಡೆ. ವಾಪಸು ಕೊಡುವಾಗ ನನ್ನ ಮುಖದಲ್ಲಿ ಅದು ಕಾಣಿಸಿರಬೇಕು, ಅವರು ನೋವಾದವರಂತೆ ಪೆಟ್ಟಿಗೆಯ ಮೇಲೆ ಕೈಯಾಡಿಸಿದರು.

ಎರಡನೆಯದು ಕಮ್ಮರಡಿಯದು, ಭಜನಾ ಮಂಡಳಿಯೊಂದು ಮೂಲೆಗಿಟ್ಟದ್ದು. ಅಲ್ಲಿ ನಿಶ್ಶಬ್ದ, ನಮ್ಮಲ್ಲಿ ಗುಂಯ್. ಗಂಡ ರಮೇಶ ಎರಡೂ ಪೆಟ್ಟಿಗೆಗಳನ್ನು ಹೊತ್ತು ಸೊಂಟ ಹಿಡಿದುಕೊಂಡು, "ಇಡೀ ಜಿಲ್ಲೆಯ ಪೆಟ್ಟಿಗೆ ಎಲ್ಲಾ ಕೆಟ್ಟಿದೆ, ನಿನ್ನ ಕಿವಿ ಒಂದೇ ಸರಿ" ಎಂದು ಚುಚ್ಚಿದ. ಆ ಮಾತನ್ನು ಅಲ್ಲಿಯೇ ಹಿಡಿದು ಯೋಚಿಸಿದ್ದರೆ ಎಷ್ಟು ಓಡಾಟ ಉಳಿಯುತ್ತಿತ್ತು! ಗಂಡಂದಿರು ಸರಿಯಾದದ್ದನ್ನು ಹೇಳುವ ಅಪರೂಪದ ಗಳಿಗೆಗಳು ನಮಗೆ ಗೊತ್ತಾಗುವುದೇ ಇಲ್ಲ.

ಎರಡನೆಯದನ್ನು ಹಿಂತಿರುಗಿಸುವ ಮುಂಚೆ, ಏಪ್ರಿಲಿನ ಒಂದು ಮಧ್ಯಾಹ್ನ, ಕಣ್ಣಿನ ಡಾಕ್ಟರ ಹತ್ತಿರ ಕೊಪ್ಪಕ್ಕೆ ಬಂದಿದ್ದ ಥಾಮಸ್ ಮಾಸ್ಟ್ರು ಊಟಕ್ಕೆ ನಮ್ಮ ಮನೆಗೆ ಬಂದರು. ಕಿವಿಯ ಮಷಿನ್ನು ಹಾಕಿರಲಿಲ್ಲ. "ಅದು ಮೇಜಿನ ಡ್ರಾಯರಲ್ಲಿ ಆರಾಮಾಗಿದೆ" ಎಂದರು. ನಾನು ಸಂಕಟವನ್ನೆಲ್ಲ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಕೂಗುವುದರ ಜೊತೆಗೆ, ತಂತಿ ಮುಟ್ಟಿದರೆ ಬೆರಳ ತುದಿ ಜುಮ್ಮೆನ್ನುವುದನ್ನೂ ಹೇಳಿದೆ. ಇಷ್ಟು ದಿನ ಅದು ಜಾಝಿನ ರೋಮಾಂಚನವೆಂದೇ ತಿಳಿದಿದ್ದೆ. ಮಾಸ್ಟ್ರು ಎದ್ದು, ಅಂಗೈಯ ಹಿಂಬದಿಯನ್ನು ಗಿಟಾರಿನ ತಂತಿಗೆ ಮೆಲ್ಲಗೆ ತಾಗಿಸಿ, ಪಕ್ಕದಲ್ಲಿದ್ದ ಫ್ರಿಜ್ಜಿನ ಬಾಗಿಲಿಗೂ ತಾಗಿಸಿ, ಕೈ ಹಿಂದಕ್ಕೆಳೆದುಕೊಂಡರು.

"ಫ್ರಿಜ್ಜಿನ ಬಾಗಿಲು ಹೇಗೆ ತೆಗೀತೀರಿ?"

"ಚಪ್ಪಲಿ ಹಾಕ್ಕೊಂಡು" ಎಂದು ಕೂಗಿದೆ. ಹೌದು, ನಮ್ಮ ಮನೆಯಲ್ಲಿ ಎಲ್ಲರೂ ನಾಲ್ಕು ವರ್ಷದಿಂದ ಹಾಗೆಯೇ ತೆಗೆಯುವುದು. ಅಭ್ಯಾಸವಾಗಿಹೋಗಿತ್ತು.

ಮಾಸ್ಟ್ರು ಹಣೆ ಚಚ್ಚಿಕೊಂಡರು. "ಅರ್ತಿಂಗಿಗೆ ನೀರು ಹಾಕಿ ಎಷ್ಟು ದಿನ ಆಯ್ತು?"

ಓದುಗ ಮಿತ್ರರೇ, ಭೂಸಂಪರ್ಕ ತಂತಿ ಎಂಬ ಪಾಠವನ್ನು ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಚಿತ್ರ ಬರೆದು ಹೇಳುತ್ತೇನೆ. ಹಸಿರು ತಂತಿ, ನೆಲದಲ್ಲಿ ಹುಗಿದ ಕೊಳವೆ, ಅದರ ಸುತ್ತ ಉಪ್ಪು ಮತ್ತು ಇದ್ದಿಲು, ಬೇಸಿಗೆಯಲ್ಲಿ ತೇವ ಆರದ ಹಾಗೆ ನೀರು: ಇಷ್ಟಕ್ಕೂ ಅಂಕ ಕೊಟ್ಟಿದ್ದೇನೆ, ಇಷ್ಟು ಬರೆಯದವರಿಗೆ ಅಂಕ ಕಡಿದಿದ್ದೇನೆ. ಆದರೆ ವರ್ಷದ ಅರ್ಧ ಆಕಾಶವೇ ನೀರು ಹಾಕುವ ಈ ಊರಿನಲ್ಲಿ ನೆಲಕ್ಕೆ ನೀರು ಹಾಕಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ? ಬಯಲುಸೀಮೆಯವರು ಮಾಡುವ ತಪ್ಪಲ್ಲ ಇದು. ಮಳೆಯನ್ನು ನಂಬಿ ಕೆಟ್ಟವರು ಮಾತ್ರ ಮಾಡುವ ತಪ್ಪು. ನಾಲ್ಕು ವರ್ಷದ ಹಿಂದೆ, ಸ್ಕೂಟರ್ ನೆನೆಯುತ್ತದೆಂದು ರಮೇಶ ಪಕ್ಕದ ಓಣಿಗೆ ತಗಡಿನ ಶೀಟು ಹೊದೆಸಿದ್ದ. ಅರ್ತಿಂಗ್ ಗುಂಡಿ ಇದ್ದದ್ದು ಅದರ ಕೆಳಗೆ. ಸುತ್ತ ಇಡೀ ತಾಲ್ಲೂಕು ತೊಯ್ದು ತೊಪ್ಪೆಯಾಗುತ್ತಿದ್ದಾಗಲೂ ನಮ್ಮ ಓಣಿಯ ಆ ಎರಡಡಿ ನೆಲ ಹನಿ ನೀರು ಕಾಣದೆ ಬಾಯಾರಿ ಬಿರುಕು ಬಿಟ್ಟಿತ್ತು. ನೆಲಕ್ಕೆ ಇಳಿಯಲು ದಾರಿ ಸಿಗದ ಕರೆಂಟು ಫ್ರಿಜ್ಜಿನ ಮೈಗೂ ಗಿಟಾರಿನ ತಂತಿಗೂ ಬಂದು, ಪೆಟ್ಟಿಗೆಯೊಳಗೆ ಗುಂಯ್ ಎನ್ನುತ್ತಿತ್ತು.

ಸ್ಕೂಟರ್ ಸರಿಸಿ, ಮೇಲೆ ಪೇರಿಸಿಟ್ಟಿದ್ದ ತೆಂಗಿನ ಸಿಪ್ಪೆಯ ರಾಶಿ ಎತ್ತಿ, ಗುಂಡಿ ಹುಡುಕಿದೆವು. "ಆರ್ಕೆಸ್ಟ್ರಾದಲ್ಲಿ ಸ್ಟೇಜ್ ಹತ್ತೋ ಮುಂಚೆ ನಾನು ಮಾಡ್ತಿದ್ದ ಮೊದಲ್ನೇ ಕೆಲಸ ಇದು, ಶ್ರುತಿ ಆಮೇಲೆ" ಎನ್ನುತ್ತ ಮಾಸ್ಟ್ರು ಎರಡು ಹಿಡಿ ಉಪ್ಪು ಹಾಕಿಸಿದರು. ನಾನು ನೀರು ಸುರಿದೆ. ಮೊದಲ ಕೊಡವನ್ನು ನೆಲ ಸುರ್ರೆಂದು ಕುಡಿಯಿತು, ಎರಡನೆಯದನ್ನೂ ಕುಡಿಯಿತು. ಐದನೆಯ ಕೊಡಕ್ಕೆ ಸಾಕೆಂದು ಮೇಲೆ ನಿಲ್ಲಿಸಿಕೊಂಡಿತು. ಕಾಫಿ ಕುಡಿದು ಒಳಗೆ ಬಂದು ಸ್ವಿಚ್ ಹಾಕಿದೆ.

ಏನೂ ಇಲ್ಲ. ನಿಶ್ಶಬ್ದ. ಕೆಂಪು ದೀಪ ಹೊತ್ತಿರದಿದ್ದರೆ ಕರೆಂಟು ಹೋಗಿದೆ ಎನ್ನಬೇಕು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ರಮೇಶನೂ ಬಂದು ತೆಗೆದ. ಆ ಮಧ್ಯಾಹ್ನ ನಮ್ಮ ಫ್ರಿಜ್ಜು ಕಂಡಷ್ಟು ಸಂಭ್ರಮವನ್ನು ಅದು ಕೊಂಡ ದಿನವೂ ಕಂಡಿರಲಿಲ್ಲ.

ಮಾಸ್ಟ್ರು ಕಮ್ಮರಡಿಯ ಪೆಟ್ಟಿಗೆಯ ಸ್ಪೀಕರನ್ನು ಬಗ್ಗಿ ನೋಡಿ, "ಇದು ಚಿಕ್ಕದಾಯ್ತು. ಮೊದಲನೇದು ದೊಡ್ಡದು ಅಂದ್ಯಲ್ಲ, ಅದನ್ನೇ ತಗೊಂಡು ಬಾ. ಆಮೇಲೆ ಕಿವಿ ಹಾಕ್ಕೊಂಡು ಬರ್ತೀನಿ" ಎಂದು ಸಂಜೆಯ ಬಸ್ಸು ಹತ್ತಿದರು.

ಹೀಗೆ ನಾನು ಮತ್ತೆ ಶೃಂಗೇರಿಗೆ ಹೋಗಬೇಕಾಯಿತು. ದಾರಿಯುದ್ದಕ್ಕೂ ಯೋಚನೆ. ಒಳಗಿನ ಗದ್ದಲಕ್ಕೆ ಹೊರಗಿನವರನ್ನೇ ಹೊಣೆ ಮಾಡುವುದು ಎಷ್ಟು ಸುಲಭ! ಎರಡು ಒಳ್ಳೆಯ ಪೆಟ್ಟಿಗೆಗಳು ನಮ್ಮ ಮನೆಗೆ ಬಂದು ಕೆಟ್ಟ ಹೆಸರು ಹೊತ್ತವು, ನನ್ನ ಕಾಲ ಕೆಳಗಿನ ನೆಲ ಒಣಗಿದೆಯೆಂಬ ಅನುಮಾನ ನನಗೆ ಬರಲೇ ಇಲ್ಲ. ನಮ್ಮೊಳಗೂ ಬೇಡದ ಕರೆಂಟು ಒಂದಿಷ್ಟು ಸದಾ ಹರಿಯುತ್ತಿರುತ್ತದೆ. ಇಳಿದುಹೋಗಲು ಅದಕ್ಕೆ ಎಲ್ಲಾದರೂ ತೇವದ ಜಾಗ ಬೇಕು. ಸಿಗದಿದ್ದರೆ ಅದು ಹತ್ತಿರ ಬಂದವರ ಬೆರಳಿಗೆ ತಾಗುತ್ತದೆ. ನನ್ನದು ಗಣೇಶ ಭಟ್ಟರಿಗೆ ತಾಗಿತ್ತು.

ತಪ್ಪಾಯಿತು ಎಂದು ನಡೆದದ್ದನ್ನೆಲ್ಲ ಹೇಳಿದೆ. ಭಟ್ಟರು ಬಿದ್ದು ಬಿದ್ದು ನಕ್ಕರು, ಒಳಗಿನಿಂದ ಹೆಂಡತಿಯನ್ನು ಕರೆದು ಇನ್ನೊಮ್ಮೆ ಹೇಳಿಸಿದರು, "ಸೈನ್ಸ್ ಟೀಚರ್ ಅಂತೆ ಕಣೇ!" ಎಂದು ಮತ್ತೆ ನಕ್ಕರು. ಆಮೇಲೆ ಗಂಭೀರವಾಗಿ, "ಬೇರೆ ಇಬ್ಬರು ಬಂದು ಕೇಳಿದ್ರು. ಕೊಡಲಿಲ್ಲ. ಇದರದ್ದು ತಪ್ಪಿಲ್ಲ ಅಂತ ನಿಮಗೆ ಗೊತ್ತಾಗುವ ತನಕ ಇರಲಿ ಅಂದ್ಕೊಂಡೆ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಕುಂಕುಮ ಒರೆಸದೆ ಹಾಗೆಯೇ ತಂದೆ.

ಮುಂದಿನ ಭಾನುವಾರ ಮಾಸ್ಟ್ರು ಬಂದರು, ಕಿವಿಯಲ್ಲಿ ಮಷಿನ್ನು. ನಾನು ಸ್ವಿಚ್ ಹಾಕಿದಾಗ, ಅಭ್ಯಾಸಬಲದಿಂದ ಅವರ ಕೈ ಅದನ್ನು ಕಿತ್ತೆಸೆಯಲು ಕಿವಿಯವರೆಗೆ ಹೋಯಿತು, ಅಲ್ಲಿಯೇ ನಿಂತಿತು, ನಿಧಾನವಾಗಿ ತೊಡೆಯ ಮೇಲಕ್ಕೆ ಇಳಿಯಿತು. ನಾನು ನುಡಿಸಿದೆ. ಹದಿನಾಲ್ಕು ವರ್ಷ ತಡವಾದ ನಾಲ್ಕು ಸಾಲು. ಮುಗಿದ ಮೇಲೆ ಮುಖ ಎತ್ತಲು ಧೈರ್ಯವಾಗದೆ ಕೂತಿದ್ದೆ.

"ಮೂರನೇ ಸಾಲಿನ ಕೊನೇಲಿ ಎಂತ ಮಾಡ್ದೆ ನೀನು?" ಎಂದರು ಮಾಸ್ಟ್ರು. "ಅಲ್ಲಿ ಒಂದು ಫ್ರೆಟ್ ಕೆಳಗೆ. ನಾನು ಹಾಗಾ ಹೇಳಿಕೊಟ್ಟದ್ದು?"

ತಪ್ಪು ಹಿಡಿಸಿಕೊಂಡು ಜೀವಮಾನದಲ್ಲಿ ಅಷ್ಟು ಸಂತೋಷ ನಾನು ಪಟ್ಟಿದ್ದಿಲ್ಲ. ಕೇಳಿಸಿತ್ತು! ಒಂದು ಫ್ರೆಟ್ಟಿನಷ್ಟು, ಎಂದರೆ ಗಿಟಾರಿನ ಕತ್ತಿನ ಮೇಲಿನ ಒಂದು ಮನೆಯಷ್ಟು ಸಣ್ಣ ತಪ್ಪು ಕೇಳಿಸಿತ್ತು!

ಆಮೇಲಿನ ವಾರವೂ ಬಂದರು. ನಾನು ತಿದ್ದಿಕೊಂಡಿದ್ದೆ, ಆದರೆ ಅವರ ಆ ಗದರಿಕೆ ಇನ್ನೊಮ್ಮೆ ಕೇಳುವ ಆಸೆ ತಡೆಯಲಾರದೆ ಮೂರನೆಯ ಸಾಲಿನ ಕೊನೆಗೆ ಬಂದಾಗ ಬೆರಳನ್ನು ಹಳೆಯ ಜಾಗಕ್ಕೇ ಜಾರಿಸಿದೆ. ಮಾಸ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಹೋದ ವಾರದ್ದು ತಪ್ಪು. ಈ ವಾರದ್ದು ಬೇಕಂತಲೇ ಹೊಡೆದದ್ದು. ನನಗೆ ಕೇಳ್ತದೆ ಮಾರಾಯ್ತಿ, ಸರಿಯಾಗಿ ನುಡಿಸು."

ಸರೋಜಕ್ಕ ಇವತ್ತೂ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದಾರೆ. ಸ್ಕೂಟರ್ ಹಿಂದಕ್ಕೆ ತಳ್ಳಿ ಕೊಡ ಬಗ್ಗಿಸಿದ್ದೇನೆ. ನೆಲ ಸದ್ದಿಲ್ಲದೆ ಕುಡಿಯುತ್ತಿದೆ. "ಹನ್ನೊಂದು ಗಂಟೆ ಬಸ್ಸಿಗೆ ನಮ್ಮ ಮಾಸ್ಟ್ರು ಬರ್ತಾರೆ ಸರೋಜಕ್ಕ, ಚಪ್ಪಲಿ ಹೊರಗೆ ಬಿಟ್ಟು ನೀವೂ ಬನ್ನಿ" ಎಂದೆ. "ಇಲ್ಲಿ ಏನು ನೆಟ್ಟಿದೀನಿ ಅಂತ ಕೇಳಿಸ್ತೀನಿ."