ಕುಲಸುಂಬಿಯ ಅರ್ಧ ತಾಸು

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಕುಲಸುಂಬಿ ಥೈರಾಯ್ಡ್ ತೋರಿಸಲು ಹೊರಟಳೆಂದರೆ ಹೆದರುವವರು ಡಾಕ್ಟರು. ಮೊದಲು ರಕ್ತ ತೆಗೆಯುವ ಹುಡುಗಿಯನ್ನು, "ಇಷ್ಟ ರಕ್ತ ಆಗಾಕ ನಾ ಎಷ್ಟ ರೊಟ್ಟಿ ತಿನ್ನಬೇಕ ಗೊತ್ತೈತೇನ ಬೇ?" ಎಂದು ಗದರಿಸುತ್ತಾಳೆ. ವರದಿ ನೋಡಿದ ಡಾಕ್ಟರು, "ಎಲ್ಲಾ ಸರಿ ಐತ್ರಿ, ಡೋಸ್ ಕಡಿಮಿ ಮಾಡೂಣ, ಮುಂದ ನಿಲ್ಲಿಸೇ ಬಿಡೂಣ" ಎಂದರೆ ಸಂತೋಷಪಡುವುದು ಬಿಟ್ಟು ಜಗಳಕ್ಕೆ ನಿಲ್ಲುತ್ತಾಳೆ: "ಕಾಗದಕ್ಕ ಏನ ತಿಳಿತೈತ್ರಿ ಡಾಕ್ಟರಸಾಬ? ಗಂಟಲಾ ನಂದೈತಿ. ಬೇಕಾದ್ರ ಕಡಿಮಿ ಮಾಡ್ರಿ, ಬಂದ್ ಮಾತ್ರ ಮಾಡಬ್ಯಾಡ್ರಿ." ಊರೆಲ್ಲ ಗುಳಿಗೆ ತಪ್ಪಿಸಲು ನೆಪ ಹುಡುಕಿದರೆ, ಇವಳು ಗುಳಿಗೆ ಉಳಿಸಿಕೊಳ್ಳಲು ಕತ್ತಿನಿಂದ ಮೊಣಕಾಲಿನವರೆಗೆ ಇಲ್ಲದ ನೋವುಗಳನ್ನೆಲ್ಲ ಹುಡುಕಿ ತರುತ್ತಾಳೆ. ಗುಳಿಗೆ ನುಂಗಿ ಅರ್ಧ ತಾಸು ಏನೂ ತಿನ್ನಬಾರದೆಂದು ಡಾಕ್ಟರು ಮೊದಲ ಸಲವೇ ಹೇಳಿದ್ದರು. ಅವಳು ಮನೆ ಮುಟ್ಟುವಷ್ಟರಲ್ಲಿ ಅದು ಅರ್ಧ ತಾಸು ಏನೂ ಮಾಡಬಾರದು ಎಂದಾಗಿತ್ತು. ಹೇಗಾಯಿತೋ, ನಾನಂತೂ ಕೇಳಿಲ್ಲ. ಬೆಳಿಗ್ಗೆ ಅವಳು ಗುಳಿಗೆ ನುಂಗಿ ಕಟ್ಟೆಯ ಮೇಲೆ ಕುಳಿತರೆ ಗಂಡ ಬಂದಗಿಸಾಬ ತಾನೇ ಚಹಾಕ್ಕಿಡುತ್ತಾನೆ. ಸೊಸೆ ಕೌಸರ, "ದಾದಿ ಗುಳಿಗಿ ತಗೊಂಡಾರ, ಗದ್ದಲ ಮಾಡಬ್ಯಾಡ್ರಿ" ಎಂದು ಅಜ್ಜಿಯ ಸುತ್ತ ಆಡುವ ಮಕ್ಕಳನ್ನು ಸುಮ್ಮನಿರಿಸುತ್ತಾಳೆ. ಲಂಗ ತೊಡುವ ವಯಸ್ಸಿನಿಂದ ಬೀಡಿ ಸುತ್ತುತ್ತ ಬಂದ ಆ ಎರಡು ಕೈಗಳು, ಆ ಹೊತ್ತಿನಲ್ಲಿ ಮಾತ್ರ, ಮಡಿಲಲ್ಲಿ ಅಂಗಾತ ಮಲಗಿರುತ್ತವೆ.