ದಾರುಮಾನ ಎರಡನೆಯ ಕಣ್ಣು

ಅಮೆರಿಕದ ವೆಸ್ಟ್‌ಮಂಟಿನ ಗಂಗವ್ವ ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿದ್ದಳು. ಮೊದಲ ಸಲ ನಾಲ್ಕು ರಸ್ತೆ ಕೂಡುವಲ್ಲಿ ಎದುರಿನವರಿಗೆಲ್ಲ ‘ನೀವು ಹೋಗ್ರಿ, ನೀವು ಹೋಗ್ರಿ’ ಎಂದು ಕೈಸನ್ನೆ ಮಾಡುತ್ತ ಹನ್ನೊಂದು ನಿಮಿಷ ನಿಂತಳು. ನಾಲ್ಕನೆಯ ಸಲ ಆಂಬುಲೆನ್ಸಿಗೆ ಸರಿಯಾಗಿಯೇ ದಾರಿ ಬಿಟ್ಟಳು. ಆದರೆ ಒಳಗಿದ್ದ ಜೀವಕ್ಕಾಗಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತವಳು ಪರೀಕ್ಷಕ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ನಡುವಿನ ಎರಡರ ಸುದ್ದಿ ಬೇಡ, ಒಂದರಲ್ಲಿ ಯಾರದೋ ಅಂಚೆಪೆಟ್ಟಿಗೆ ಬರುತ್ತದೆ.

“ಯವ್ವಾ, ಇದ ಕಡೀ ಸಲ. ಆಗ್ಲಿಲ್ಲಂದ್ರ ಆ ಹಳೇ ಕಾರು ಮಾರಿಬಿಡ್ತೀನಿ,” ಎಂದಳು ಡಾಕ್ಟರ್ ಮಗಳು ಶರಣ್ಯಾ.

ಗಂಗವ್ವನಿಗೆ ಆ ಕಾರು ಬೇಕೇ ಬೇಕಿತ್ತು. ಗದಗಿನಲ್ಲಿ ಅಪ್ಪ, ಆಮೇಲೆ ಗಂಡ, ಇಲ್ಲಿ ಮಗಳು. ಅರವತ್ತನಾಲ್ಕು ವರ್ಷ ಯಾರೋ ಕರೆದುಕೊಂಡು ಹೋದಲ್ಲಿಗೆ ಹೋದದ್ದಾಯಿತು. ಒಂದು ಸಲವಾದರೂ ಯಾರನ್ನೂ ಕೇಳದೆ ಎಲ್ಲಿಗಾದರೂ ಹೋಗಬೇಕು, ಅಷ್ಟೇ ಅವಳ ಆಸೆ.

ಈಗ ಕರೆದುಕೊಂಡು ಹೋಗುತ್ತಿದ್ದವಳು ಪಕ್ಕದ ಮನೆಯ ಫುಮಿಕೊ, ಎಪ್ಪತ್ತರ ಜಪಾನೀ ವಿಧವೆ. ಪ್ರತಿ ಗುರುವಾರ ಅವಳ ಕಾರಿನಲ್ಲಿ ಇಬ್ಬರೂ ಜಪಾನೀ ಅಂಗಡಿಗೆ ಸವಾರಿ. ದಾರಿಯುದ್ದಕ್ಕೂ ಇವಳದು ಕನ್ನಡ, ಅವಳದು ಜಪಾನೀ, ನಡುವೆ ನಾಲ್ಕು ಮುರುಕು ಇಂಗ್ಲಿಷ್. ಸೆಂಬೇ ಎಂಬ ಅಕ್ಕಿ ಬಿಲ್ಲೆಯನ್ನು ಗಂಗವ್ವ ‘ಖಾರ ಮರ್ತ ಹಪ್ಪಳ’ ಎಂದು ಜರೆಯುತ್ತಲೇ ಪ್ಯಾಕೆಟ್ ಖಾಲಿ ಮಾಡುತ್ತಿದ್ದಳು. ಫುಮಿಕೊ ತನ್ನ ಅನ್ನದುಂಡೆಗೆ ಶೇಂಗಾ ಚಟ್ನಿಪುಡಿ ಮೆತ್ತಿಕೊಳ್ಳುತ್ತಿದ್ದಳು.

ಐದನೆಯ ಪರೀಕ್ಷೆಗೆಂದು ಅವಳು ಒಂದು ದಾರುಮಾ ತಂದುಕೊಟ್ಟಳು. ಕಾಗದದ ಕೆಂಪು ಗುಂಡು ಗೊಂಬೆ. ಕೈಕಾಲಿಲ್ಲ, ಕಣ್ಣೂ ಇಲ್ಲ. ಮೂಲದಲ್ಲಿ ನಮ್ಮ ಕಡೆಯಿಂದಲೇ ಆ ಕಡೆಗೆ ಹೋದ ಸನ್ಯಾಸಿಯಂತೆ, ಒಂಬತ್ತು ವರ್ಷ ಗೋಡೆ ನೋಡುತ್ತ ಕೂತು ಕೈಕಾಲು ಉದುರಿದವಂತೆ. ಬೇಡಿಕೊಂಡು ಒಂದು ಕಣ್ಣು ಬರೆಯಬೇಕು, ಕೆಲಸವಾದ ಮೇಲೆ ಇನ್ನೊಂದು.

ಗಂಗವ್ವ ಒಂದು ಕಣ್ಣು ಬರೆದು ದೇವರ ಜಗಲಿಯ ಮೇಲಿಟ್ಟಳು. ಮರುದಿನ ಪೂಜೆಗೆ ಕೂತರೆ ಆ ಒಂಟಿಗಣ್ಣು ಸಹಿಸಲಾಗಲಿಲ್ಲ. ಪೂರ್ತಿ ಕಣ್ಣು ತೆರೆಸದ ದೇವರಿಗೆ ಆರತಿ ಎತ್ತುವುದು ಅವಳ ಮನೆತನದಲ್ಲೇ ಇಲ್ಲ. ಕಾಡಿಗೆಯಿಂದ ಇನ್ನೊಂದನ್ನೂ ಬರೆದು ಸಕ್ಕರೆ ನೈವೇದ್ಯ ಮಾಡಿದಳು.

ಫುಮಿಕೊ ನೋಡಿ ತಲೆಯ ಮೇಲೆ ಕೈ ಹೊತ್ತಳು. “ಫಿನಿಶ್! ಹೀ ನೋ ವರ್ಕ್!”

ಗಂಗವ್ವ ಅಷ್ಟಕ್ಕೆ ಸೋಲುವವಳೇ? ಮಳೆ ಬಾರದಿದ್ದರೆ ಅವಳ ಊರಿನವರು ಈಶ್ವರನನ್ನೇ ನೀರಲ್ಲಿ ಮುಳುಗಿಸಿ ಕೂರಿಸುತ್ತಿದ್ದರು. “ಉಸುರು ಕಟ್ಟಿದ್ರ ತಾನ ಮಾಡ್ತಾನ ತಗಿ,” ಎಂದು ದಾರುಮಾನನ್ನು ಬಕೆಟ್ಟಿಗೆ ಹಾಕಿದಳು. ಅವನು ಬುಳಕ್ಕನೆ ಮೇಲೆದ್ದ. ಅದುಮಿದಳು, ಮತ್ತೆ ಎದ್ದ. ಏಳು ಸಲ ಬಿದ್ದರೂ ಎಂಟನೆಯ ಸಲ ಏಳುವುದೇ ಅವನ ಹೆಚ್ಚುಗಾರಿಕೆಯಂತೆ. ಕೊನೆಗೆ ಮೇಲೆ ಕಲ್ಲಿನ ಕುಟ್ಟಾಣಿ ಹೇರಿದಳು. ಸಂಜೆಗೆ ಬಕೆಟ್ಟಿನಲ್ಲಿ ದೇವರಿರಲಿಲ್ಲ, ಕೆಂಪು ಅಂಬಲಿ ಇತ್ತು.

ಗಂಗವ್ವ ಅತ್ತೇಬಿಟ್ಟಳು. ಅತ್ತು ಮುಗಿದ ಮೇಲೆ, ಊರಲ್ಲಿ ನೆನೆಸಿದ ಕಾಗದಕ್ಕೆ ಮೆಂತ್ಯ ಹಾಕಿ ರುಬ್ಬಿ ಬುಟ್ಟಿ ಮಾಡುತ್ತಿದ್ದುದು ನೆನಪಾಯಿತು. ಅಂಬಲಿಯನ್ನು ಸೋಸಿ, ರುಬ್ಬಿ, ಹೊಸ ದಾರುಮಾನನ್ನು ತಟ್ಟಿದಳು. ಮೂಗು ಎತ್ತಿನ ಹಾಗೆ ಬಂತು. ಈ ಸಲ ಒಂದೇ ಕಣ್ಣು ಬರೆದು, ಪೂಜೆಯ ಗೊಡವೆಯೇ ಬೇಡವೆಂದು ರವೆ ಡಬ್ಬಿಯ ಹಿಂದೆ ಅಡಗಿಸಿಟ್ಟಳು. ಫುಮಿಕೊ ಅವನನ್ನು ಮೂಸಿ ನೋಡಿ, ಸೊಂಟದ ತನಕ ಬಗ್ಗಿ ನಮಸ್ಕರಿಸಿದಳು.

ಮಂಗಳವಾರ ಫುಮಿಕೊಳ ಕಾರಿನಲ್ಲೇ ಪರೀಕ್ಷೆ ನಡೆಯಿತು. ಗಂಗವ್ವ ಪಾಸಾದಳು. ಹೇಗೆ ಅಂದರೆ ಅವಳಿಗೂ ಗೊತ್ತಿಲ್ಲ.

ಮನೆ ಮುಟ್ಟಿ ಗಂಗವ್ವ ಇಳಿದರೂ ಫುಮಿಕೊ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದೇ ಕೂತಿದ್ದಳು, ಕಣ್ಣು ಒದ್ದೆಯಾಗಿತ್ತು. “ಥರ್ಸ್‌ಡೇ, ಯೂ ಗೋ ಅಲೋನ್. ಗುಡ್. ವೆರಿ ಗುಡ್.”

‘ಕರೆದುಕೊಂಡು ಹೋಗು’ ಎಂದು ಕೇಳುವುದು ಗಂಗವ್ವನಿಗೆ ಕಷ್ಟವಾಗಿತ್ತು ನಿಜ. ಕೇಳಲಿ ಎಂದು ಇನ್ನೊಬ್ಬಳು ಬುಧವಾರದಿಂದಲೇ ಕಾಯುತ್ತಿದ್ದಳೆಂಬುದು ಹೊಳೆದೇ ಇರಲಿಲ್ಲ.

ಗುರುವಾರ ಅವಳು ದಾರುಮಾನಿಗೆ ಎರಡನೆಯ ಕಣ್ಣು ಬರೆದು, ಯಾರನ್ನೂ ಕೇಳದೆ ಹಳೇ ಕಾರು ತೆಗೆದಳು. ರಿವರ್ಸ್ ಹಾಕಿ ತನ್ನ ಡ್ರೈವ್‌ವೇಯಿಂದ ಇಳಿದು, ಇಂಡಿಕೇಟರ್ ಹಾಕಿ, ನಲವತ್ತು ಅಡಿ ಓಡಿಸಿ, ಪಕ್ಕದ ಡ್ರೈವ್‌ವೇಗೆ ಹತ್ತಿಸಿ ಫುಮಿಕೊಳ ಕಾರಿನ ಮಗ್ಗುಲಿಗೆ ನಿಲ್ಲಿಸಿದಳು. ಆಮೇಲೆ ಇಳಿದು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಫುಮಿಕೊಳ ಕಾರಿನಲ್ಲಿ ಎಂದಿನ ಸೀಟಿಗೆ ಹೋಗಿ ಕೂತು ಬೆಲ್ಟ್ ಬಿಗಿದುಕೊಂಡಳು.

“ನಡೀ ಯವ್ವಾ,” ಎಂದಳು, “ಹೊತ್ತಾತು.”