ಅಜ್ಜನ ಕ್ರಿಸ್ಮಸ್ ಮೀನು

ಇವತ್ತು ಸ್ವೀಡನ್ನಿನ ನನ್ನ ಮನೆಯಲ್ಲಿ ಅಪ್ಪನಿಗೂ ಮಗಳಿಗೂ ಬಡಿಸಿದ ಅಕ್ಕಿಗಂಜಿಯ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದೆ. ಆ ಘಮಕ್ಕೆ ಕೈ ಅಲ್ಲೇ ನಿಂತಿತು.

ನನ್ನಮ್ಮ ಸ್ವೀಡಿಷ್, ಅಪ್ಪ ಮೈಸೂರಿನವರು. ಕ್ರಿಸ್ಮಸ್‌ಗೆ ಟ್ರೋಲ್‌ಹೆಟ್ಟನ್ ಹತ್ತಿರದ ಅಮ್ಮನ ತವರಿಗೆ ಹೋಗುತ್ತಿದ್ದೆವು. ಅಜ್ಜಿ ಹಾಲಿನಲ್ಲಿ ಅಕ್ಕಿಗಂಜಿ ಕಾಯಿಸಿ ದಾಲ್ಚಿನ್ನಿ ಉದುರಿಸುತ್ತಿದ್ದರು. ಅಜ್ಜ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿದು ತರುತ್ತಿದ್ದರು. ಅವರಪ್ಪನ ಕಾಲದಿಂದಲೂ ಹಬ್ಬದೂಟಕ್ಕೆ ಆ ಮೀನೇ ಆಗಬೇಕಿತ್ತು.

ಆ ವರ್ಷ ಚಳಿ ತಡವಾಗಿ ಬಂದಿತ್ತು. ಬೆಳಗಿನಿಂದ ಕೆರೆಯ ತೆಳು ಮಂಜುಗಡ್ಡೆ ಒಳಗೊಳಗೇ ನರಳುತ್ತಿತ್ತು.

“ಈ ಸಲ ಬೇಡ, ಅಂಗಡಿ ಮೀನೇ ಸಾಕು,” ಎಂದರು ಅಜ್ಜಿ. ಅಜ್ಜ ಬೂಟು ಕಟ್ಟಿಕೊಂಡರು.

“ವಯಸ್ಸಾದವ್ರನ್ನ ಒಬ್ರನ್ನೇ ಹೆಂಗೆ ಕಳಿಸೋದು? ನಾನೂ ಹೋಗ್ತೀನಿ,” ಎಂದರು ಅಪ್ಪ. ಅವರಿಗೆ ಈಜು ಬರುತ್ತಿರಲಿಲ್ಲ.

ಸಂಜೆ ನಾಲ್ಕು ಗಂಟೆಗೇ ಕತ್ತಲಾಯಿತು. ಗಂಜಿ ಕೆನೆಗಟ್ಟಿತು. ಅಮ್ಮ ಫೋನ್ ಮಾಡಿದರೆ ಅಪ್ಪನ ಗುಂಡಿಯೊತ್ತುವ ಮೊಬೈಲ್ ಪಕ್ಕದ ಕೋಣೆಯಲ್ಲೇ ಬಡಿದುಕೊಂಡಿತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಬಂದೂಕು ಸಿಡಿದಂಥ ಸದ್ದು. ಅಜ್ಜಿ ಹಗ್ಗ ಹಿಡಿದು ಓಡಿದರು.

ಎಷ್ಟೋ ಹೊತ್ತಿನ ಮೇಲೆ ಮೂವರೂ ಬಂದರು. ಅಪ್ಪ ಕತ್ತಿನವರೆಗೆ ನೆನೆದು ನೀಲಿಗಟ್ಟಿದ್ದರು. ಅಜ್ಜನ ಮುಷ್ಟಿ ಅಪ್ಪನ ಕಾಲರನ್ನು ಇನ್ನೂ ಬಿಟ್ಟಿರಲಿಲ್ಲ. ಅಜ್ಜಿ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಆ ಹಬ್ಬದಲ್ಲಿ ಯಾರೂ ಊಟ ಮಾಡಲಿಲ್ಲ.

“ಅಮ್ಮಾ, ಕೆರೆ ಫ್ರೀಜ್ ಆಗಿದೆ, ಸ್ಕೇಟಿಂಗ್‌ಗೆ ಹೋಗ್ಲಾ?” ಎಂದು ಈಗ ಮಗಳು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು.